ವೃದ್ಧಾಶ್ರಮಗಳಲ್ಲಿ ದೇಹಶಕ್ತಿ ಬುದ್ಧಿಶಕ್ತಿಗಳ ಪರೀಕ್ಷೆ

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯ ಯಾವುದಾದರೊಂದು ಹಳ್ಳಿಯಿಂದ ವೃದ್ಧೆಯೊಬ್ಬರನ್ನು ಕರೆತಂದು ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಒಂದು ವೃದ್ಧಾಶ್ರಮಕ್ಕೆ ಸೇರಿಸುವರೆಂದು ಭಾವಿಸೋಣ. ಬಾಗಿಲಿನಲ್ಲಿ ಅವರ ಹೆಸರು, ವಯಸ್ಸು, ಆಧಾರ್ ಸಂಖ್ಯೆ, ತಿಂಗಳ ಹಣವನ್ನು ತೆರತಕ್ಕವರು ಯಾರು, ಅವಘಡವೇನಾದರೂ ಸಂಭವಿಸಿದರೆ ಯಾರಿಗೆ ತಿಳಿಸಬೇಕು ಎಂಬಿಷ್ಟನ್ನು ಬರೆದುಕೊಳ್ಳುವರು. ಸಕ್ಕರೆ ಕಾಯಿಲೆಯುಂಟೆ, ರಕ್ತದ ಒತ್ತಡವುಂಟೆ ಎಂದು ಕೇಳುವುದೂ ಉಂಟು. ಆದರೆ ಆಕೆಯು ಆಸರೆಯಿಲ್ಲದೆ ಎದ್ದು ನಿಲ್ಲಬಲ್ಲರೆ, ರಾತ್ರಿ ಬಚ್ಚಲಿಗೆ ಹೋಗಿ ಬೀಳದೆ ಹಿಂದಿರುಗಬಲ್ಲರೆ, ಕಿವಿ ಎಷ್ಟು ದೂರ ಕೇಳಿಸುತ್ತದೆ, ನಿನ್ನೆಯ ಮಾತು ಇಂದು ಎಷ್ಟು ನೆನಪಿದೆ, ತನ್ನ ಹಣಕಾಸಿನ ವಿಚಾರವನ್ನು ತಾನೇ ತೀರ್ಮಾನಿಸಬಲ್ಲರೆ ಎಂಬುದನ್ನು ಕ್ರಮವಾಗಿ ಅಳೆದು ನೋಡಿ ಬರೆದಿಡುವ ಪದ್ಧತಿಯು ನಮ್ಮ ಅನೇಕ ಆಶ್ರಮಗಳಲ್ಲಿ ಇನ್ನೂ ಬೇರೂರಿಲ್ಲ. ಒಂದು ಮೂಟೆ ಕೊಬ್ಬರಿಯನ್ನು ಮಂಡಿಗೆ ಒಯ್ದರೂ ತೂಕಮಾಡದೆ ಒಳಗೆ ಸೇರಿಸುವುದಿಲ್ಲ. ಎಂಬತ್ತು ವರ್ಷ ಬಾಳಿದ ಒಂದು ಜೀವವನ್ನು ಮಾತ್ರ ಕಣ್ಣಂದಾಜಿನಿಂದ ತೂಗಿ, ಹಾಸಿಗೆಯನ್ನು ತೋರಿಸಿಬಿಡುವುದು ನಮ್ಮ ರೂಢಿಯಾಗಿದೆ.

ಸಿ.ಎಸ್. ಪುರದ ಹೆಸರನ್ನು ನಾವು ಹೇಳಿದುದು ಅಲ್ಲಿಯವರ ಮೇಲೆ ದೋಷವನ್ನು ಹೊರಿಸುವುದಕ್ಕಲ್ಲ. ತೆಂಗು, ಅಡಿಕೆ, ರಾಗಿಗಳ ಸೀಮೆಯಾದ ಗುಬ್ಬಿ, ತುರುವೇಕೆರೆ, ಕುಣಿಗಲುಗಳ ಹಳ್ಳಿಗಳಿಂದ ತರುಣರು ಬೆಂಗಳೂರಿನ ಕಾರ್ಖಾನೆ ಕಚೇರಿಗಳಿಗೆ ಹೋಗುವುದು ಇಂದು ನೆನ್ನೆಯದಲ್ಲ. ತೋಟವೂ ತೊಟ್ಟಿಯ ಮನೆಯೂ ಹಿರಿಯರ ಪಾಲಿಗೆ ಉಳಿದವು. ಗಂಡಹೆಂಡಿರಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದ ಒಬ್ಬರಿಗೆ ತೋಟವೂ ಭಾರ, ಮನೆಯೂ ಭಾರ. ಪಟ್ಟಣದ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ದಂಪತಿಗಳಿಬ್ಬರೂ ದುಡಿಯಲು ಹೋದರೆ ಹಗಲೆಲ್ಲ ಮುದುಕಿಯನ್ನು ನೋಡಿಕೊಳ್ಳುವವರು ಯಾರು? ಇದರಲ್ಲಿ ಮಕ್ಕಳ ಕೃತಘ್ನತೆಯೊಂದನ್ನೇ ಕಂಡು ಕಣ್ಣೀರು ಸುರಿಸುವ ಉಪದೇಶಕರ ಗುಂಪಿಗೆ ನಾವು ಸೇರಲಾರೆವು. 2011ರ ಜನಗಣತಿಯ ಕಾಲಕ್ಕೇ ಕರ್ನಾಟಕದ ಜನರಲ್ಲಿ ನೂರಕ್ಕೆ 9.5ರಷ್ಟು ಮಂದಿ ಅರವತ್ತು ದಾಟಿದವರಾಗಿದ್ದರು. ಇಡೀ ದೇಶದ ಪ್ರಮಾಣ 8.6. ಆಶ್ರಮಗಳು ಇರುವುವು, ಇನ್ನೂ ಹೆಚ್ಚುವುವು. ಅವುಗಳೊಳಗೆ ಏನು ನಡೆಯಬೇಕೆಂಬುದೇ ಈಗ ವಿಚಾರಾರ್ಹವಾದ ಪ್ರಶ್ನೆ.

ವಯಸ್ಸನ್ನು ಕೇಳಿದೆವು, ಅಷ್ಟರಿಂದಲೇ ಶಕ್ತಿಯನ್ನು ತಿಳಿದೆವು ಎನ್ನುವವರಿಗೆ ತುಮಕೂರು ಜಿಲ್ಲೆಯಲ್ಲಿ ಉತ್ತರವನ್ನು ಹುಡುಕಬೇಕಾದುದಿಲ್ಲ. 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ನೂರು ದಾಟಿದ ಮೇಲೂ ಮಠದ ಕಾರ್ಯಗಳನ್ನು ನೋಡಿಕೊಳ್ಳುತ್ತಿದ್ದುದನ್ನು ಕಂಡವರು ಸಹಸ್ರಾರು ಮಂದಿ. ಗುಬ್ಬಿ ತಾಲ್ಲೂಕಿನಲ್ಲಿಯೇ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋಗಿ, ರಸ್ತೆಯ ಬದಿಯಲ್ಲಿ ಆಲದ ಸಾಲನ್ನು ಬೆಳೆಸಿದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ದೊರೆಯಿತು; ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಇಂಥವರು ಅಪವಾದವೆಂದು ಹೇಳಬಹುದು. ಒಪ್ಪೋಣ. ಆದರೆ ಅರವತ್ತೈದಕ್ಕೇ ಕೈಕಾಲು ಸೋತವರೂ ಅದೇ ಊರುಗಳಲ್ಲಿರುವರು. ಒಬ್ಬರಿಗೂ ಇನ್ನೊಬ್ಬರಿಗೂ ಇಷ್ಟು ಅಂತರವಿರುವಾಗ ಹುಟ್ಟಿದ ವರ್ಷವೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಯುಕ್ತಿಯಲ್ಲ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಗಾದೆಗಳಲ್ಲಿ ಅನುಭವವಿರುವುದೇನೋ ನಿಜ. ಈ ಒಂದು ಗಾದೆಯಿಂದ ಆಗಿರುವ ಹಾನಿಯನ್ನು ಮಾತ್ರ ಯಾರೂ ಲೆಕ್ಕಹಾಕಿದಂತೆ ಕಾಣುವುದಿಲ್ಲ. ಭಾರತದ ವೃದ್ಧರ ಮರೆವಿನ ವ್ಯಾಧಿಯನ್ನು, ಎಂದರೆ ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ರೋಗವನ್ನು ಕುರಿತು ದೇಶವ್ಯಾಪಿಯಾಗಿ ನಡೆಸಿದ ಪರಿಶೋಧನೆಯೊಂದರ ಫಲವು 2023ರಲ್ಲಿ ಪ್ರಕಟವಾಯಿತು. ಅದರಂತೆ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಒಟ್ಟಿನಲ್ಲಿ ಸುಮಾರು 88 ಲಕ್ಷ ಜನರು ಈ ವ್ಯಾಧಿಗೆ ತುತ್ತಾಗಿರುವರು; ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಅದು ಹೆಚ್ಚು. ಸಂಖ್ಯೆಯು ಸಣ್ಣದಲ್ಲ. ಆದರೆ ಗಾದೆಯು ಅರವತ್ತಾದವರೆಲ್ಲರಿಗೂ ಹಚ್ಚುವ ಹಣೆಪಟ್ಟಿಯು ನೂರರಲ್ಲಿ ತೊಂಬತ್ತೆರಡು ಮಂದಿಗೆ ಸಲ್ಲತಕ್ಕದ್ದೇ ಅಲ್ಲವೆಂದೂ ಅದೇ ಸಂಖ್ಯೆಯು ಸಾರುತ್ತಿದೆ.

ಮಾತು ತಡವರಿಸಿದರೆ, ಹೆಸರು ಮರೆತರೆ, ಮಂಕಾಗಿ ಕುಳಿತರೆ ಅದಕ್ಕೆ ಕಾರಣಗಳು ಹಲವು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ12 ಎಂಬ ಜೀವಸತ್ವದ ಕೊರತೆ, ಸಂಗಾತಿಯನ್ನು ಕಳೆದುಕೊಂಡು ಹಿಡಿದ ಖಿನ್ನತೆ, ಒಂದರ ಮೇಲೊಂದರಂತೆ ನುಂಗಿಸುತ್ತಿರುವ ನಿದ್ರೆಯ ಗುಳಿಗೆಗಳು, ಇವುಗಳಲ್ಲಿ ಯಾವುದಿದ್ದರೂ ಮನಸ್ಸು ಮಸುಕಾಗುತ್ತದೆ. ಕಾರಣವನ್ನು ಕಂಡುಹಿಡಿದರೆ ಬಹುಮಟ್ಟಿಗೆ ತಿಳಿಯಾಗುವುದೂ ಉಂಟು. ಮೂತ್ರದ ಸೋಂಕು ತಗುಲಿದ ವೃದ್ಧೆಗೆ ಎರಡೇ ದಿನದಲ್ಲಿ ಸನ್ನಿ ಹಿಡಿದಂತಾಗಿ, ಮಗನನ್ನು ಗುರುತಿಸದೆ, ರಾತ್ರಿಯೆಲ್ಲ ಕೂಗಾಡಬಹುದು. ಇದು ತುರ್ತಾಗಿ ಚಿಕಿತ್ಸೆ ಮಾಡಬೇಕಾದ ಸ್ಥಿತಿ. ಹೋದ ವಾರ ಆಕೆಯು ಹೇಗಿದ್ದರೆಂಬುದು ಎಲ್ಲಿಯೂ ಬರೆದಿಲ್ಲವಾದರೆ ಈ ವಾರದ ಬದಲಾವಣೆಯನ್ನು ಗುರುತಿಸುವವರು ಯಾರು? ಪಾಳಿ ಬದಲಾಗಿ ಬಂದ ಹೊಸ ಆಯಾ, ಅಜ್ಜಿಗೆ ಮೊದಲಿನಿಂದಲೂ ಅರಳುಮರಳು ಎಂದುಕೊಂಡು ಸುಮ್ಮನಾಗುವಳು. ಆಕೆಯನ್ನು ದೂಷಿಸಿ ಫಲವಿಲ್ಲ. ಅವಳ ಕೈಗೆ ಒಂದು ಪುಸ್ತಕವನ್ನು ಯಾರೂ ಕೊಟ್ಟಿಲ್ಲ.

ಈ ಅಜ್ಞಾನವು ನಮ್ಮ ನಾಡಿನ ವಿಶೇಷವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಬಡವರ ಕಾನೂನಿನಂತೆ ನಡೆಯುತ್ತಿದ್ದ ದರಿದ್ರಾಲಯಗಳ ರೋಗಿಶಾಲೆಗಳಲ್ಲಿ ವೃದ್ಧರು ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಬಿದ್ದಿರುತ್ತಿದ್ದರು. 1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಅಂಥ ಒಂದು ರೋಗಿಶಾಲೆಯು ಸೇರಿತು. ಅದರ 700ಕ್ಕೂ ಮೇಲ್ಪಟ್ಟ ರೋಗಿಗಳ ಹೊಣೆಯು ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಂತು. ಆಕೆಯು ಮಾಡಿದ ಮೊದಲನೆಯ ಕೆಲಸವೆಂದರೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದುದು. ನಡೆಯಲಾರರೆಂದು ಮಲಗಿಸಿದ್ದವರಲ್ಲಿ ಹಲವರಿಗೆ ನಡೆಯುವ ಶಕ್ತಿಯಿತ್ತು. ಅವರನ್ನು ಎಬ್ಬಿಸಿದವರೇ ಇರಲಿಲ್ಲ. ಬುದ್ಧಿಗೆಟ್ಟವರೂ, ಅಂಗಸ್ವಾಧೀನ ತಪ್ಪಿದವರೂ, ಬರಿಯ ನಿರಾಶ್ರಿತರೂ ಒಂದೇ ಅಂಗಳದಲ್ಲಿ ಕಲೆತುಬಿಟ್ಟಿದ್ದರು. ಆಕೆಯು ಅವರನ್ನು ವಿಂಗಡಿಸಿ, ತಕ್ಕ ಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಕೊಡಿಸಲು, ಮನೆಗೆ ಹಿಂದಿರುಗಿದವರು ಅನೇಕರು. 1943ರಲ್ಲಿಯೂ 1946ರಲ್ಲಿಯೂ ಆಕೆಯು ವೈದ್ಯಪತ್ರಿಕೆಗಳಲ್ಲಿ ಬರೆದ ಲೇಖನಗಳೇ ಇಂದಿನ ವೃದ್ಧಾಪ್ಯ ವೈದ್ಯಶಾಸ್ತ್ರಕ್ಕೆ ತಳಹದಿಯಾದುವೆಂದು ತಿಳಿದವರು ಹೇಳುವರು. ಹೊಸ ಔಷಧವೊಂದನ್ನು ಆಕೆಯು ಕಂಡುಹಿಡಿಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅಮೆರಿಕೆಯಲ್ಲಿ ಈ ವಿಷಯವು ಶಾಸನವನ್ನೇ ಮುಟ್ಟಿತು. ಅಲ್ಲಿಯ ಶುಶ್ರೂಷಾಗೃಹಗಳಲ್ಲಿ ವೃದ್ಧರನ್ನು ಕುರ್ಚಿಗಳಿಗೆ ಕಟ್ಟಿಹಾಕುವುದು, ಮಂಕುಕವಿಸುವ ಔಷಧಗಳನ್ನು ಕೊಟ್ಟು ಮಲಗಿಸುವುದು ಮುಂತಾದ ಕ್ರಮಗಳು ಬಯಲಿಗೆ ಬಂದ ಮೇಲೆ 1987ರಲ್ಲಿ ಸುಧಾರಣೆಯ ಕಾನೂನೊಂದು ಆಯಿತು. ಸರ್ಕಾರದ ಹಣವನ್ನು ಪಡೆಯುವ ಗೃಹವು ಸೇರಿದವರೆಲ್ಲರ ದೇಹ, ಬುದ್ಧಿ, ಮನಸ್ಸುಗಳ ಸ್ಥಿತಿಯನ್ನು ಎಲ್ಲೆಡೆಯೂ ಏಕರೂಪವಾದ ಪಟ್ಟಿಯೊಂದರಂತೆ ಸೇರಿದ 14 ದಿನಗಳೊಳಗೆ ಪರೀಕ್ಷಿಸತಕ್ಕದ್ದು, ಮೂರು ತಿಂಗಳಿಗೊಮ್ಮೆ ಪುನಃ ನೋಡತಕ್ಕದ್ದು, ಆ ಬರೆಹದ ಮೇಲೆಯೇ ಆರೈಕೆಯ ಕ್ರಮವನ್ನು ಗೊತ್ತುಮಾಡತಕ್ಕದ್ದು ಎಂಬ ಏರ್ಪಾಡು ಅದರಿಂದ ಬಂತು. ಕಟ್ಟಿಹಾಕುವ ರೂಢಿಯು ಮುಂದಿನ ವರ್ಷಗಳಲ್ಲಿ ಬಹಳವಾಗಿ ತಗ್ಗಿತು. ಪಟ್ಟಿಗಳನ್ನು ತುಂಬುವುದೇ ಕೆಲಸವಾಯಿತೆಂದು ಅಲ್ಲಿಯ ದಾದಿಯರು ದೂರುವುದೂ ಉಂಟು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ.

ಪರೀಕ್ಷೆಯೆಂದೊಡನೆ ದೊಡ್ಡ ಯಂತ್ರಗಳನ್ನೂ ದೊಡ್ಡ ಹಣವನ್ನೂ ಊಹಿಸಿಕೊಂಡು ಗಾಬರಿಗೊಳ್ಳಬೇಕಾಗಿಲ್ಲ. ದೇಹಶಕ್ತಿಯ ವಿಚಾರದಲ್ಲಿ ವಿದ್ವಾಂಸರು ಒಪ್ಪಿಕೊಂಡಿರುವ ವಿಧಾನಗಳು ಅಚ್ಚರಿಪಡುವಷ್ಟು ಸರಳವಾದುವು. ಕುರ್ಚಿಯ ಮೇಲೆ ಕುಳಿತವರು ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕುಳಿತುಕೊಳ್ಳುವುದಕ್ಕೆ ಎಷ್ಟು ಕ್ಷಣ ಹಿಡಿಯಿತೆಂದು ಗಡಿಯಾರದಲ್ಲಿ ನೋಡುವುದು 1991ರಿಂದ ಪ್ರಚಾರದಲ್ಲಿರುವ ಪರೀಕ್ಷೆ. 12 ಸೆಕೆಂಡಿಗೆ ಕಡಿಮೆಯಿಲ್ಲದೆ ಹಿಡಿದರೆ ಬೀಳುವ ಅಪಾಯವುಂಟೆಂದು ಎಚ್ಚರವಹಿಸುವರು. ಕೈಗಳ ಸಹಾಯವಿಲ್ಲದೆ ಐದು ಸಲ ಎದ್ದು ಕುಳಿತುಕೊಳ್ಳುವುದು 14 ಸೆಕೆಂಡಿನಲ್ಲಿ ಆಗುವುದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ಕೈಪಿಡಿಯಲ್ಲಿ ಕೇಳಿದೆ. ಉಣ್ಣುವುದು, ಮೀಯುವುದು, ಉಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ನಿತ್ಯಕರ್ಮಗಳಿಗೆ ನೂರು ಅಂಕಗಳನ್ನು ಹಂಚಿರುವ ಬಾರ್ಥೆಲ್ ಎಂಬುವರ ಪಟ್ಟಿಯು 1965ರಿಂದ ಲೋಕದಲ್ಲೆಲ್ಲ ನಡೆಯುತ್ತಿದೆ. ಒಂದು ಕುರ್ಚಿ, ಮೂರು ಮೀಟರಿನ ಹಗ್ಗ, ಒಂದು ಕೈಗಡಿಯಾರ, ಒಂದು ಹಾಳೆ. ಇವುಗಳನ್ನು ಒದಗಿಸಲಾರದ ಆಶ್ರಮವು ಮೂವತ್ತು ಮಂದಿಗೆ ಊಟವನ್ನಾದರೂ ಹೇಗೆ ಒದಗಿಸುತ್ತದೆಂದು ನಾವು ಕೇಳಬೇಕಾಗುತ್ತದೆ.

ಆದರೂ ಹೊರದೇಶದ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡರೆ ಸಾಲದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮುದ್ದೆ ಉಂಡವರಿಗೆ ತಟ್ಟೆಯ ಆಹಾರವನ್ನು ಚಾಕುವಿನಿಂದ ಕೊಯ್ದುಕೊಳ್ಳಬಲ್ಲಿರಾ ಎಂಬ ಪ್ರಶ್ನೆಯಿಂದ ಏನು ತಿಳಿದೀತು? ನೆಲದಿಂದ ಏಳಬಲ್ಲರೆ, ಕುಕ್ಕುರುಗಾಲಿನಲ್ಲಿ ಕುಳಿತು ಎದ್ದು ಬರಬಲ್ಲರೆ, ಒಂದು ಬಿಂದಿಗೆ ನೀರನ್ನು ಎತ್ತಬಲ್ಲರೆ ಎಂಬುದನ್ನು ನೋಡಿದರೆ ಸಿ.ಎಸ್. ಪುರದ ರೈತನ ಶಕ್ತಿಯು ಹೆಚ್ಚು ಸ್ಪಷ್ಟವಾಗಿ ತಿಳಿಯುವುದು.

ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಈ ತೊಡಕು ಹತ್ತುಪಾಲು ಹೆಚ್ಚು. 1975ರಲ್ಲಿ ಅಮೆರಿಕೆಯಲ್ಲಿ ಹುಟ್ಟಿ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಹರಡಿರುವ ಮೂವತ್ತು ಅಂಕಗಳ ಪರೀಕ್ಷೆಯೊಂದುಂಟು. ಇಂದು ಯಾವ ತಾರೀಖು, ಇದು ಎಷ್ಟನೆಯ ಮಹಡಿ, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ, ಈ ವಾಕ್ಯವನ್ನು ಓದಿ ಅದರಂತೆ ಮಾಡಿ, ಒಂದು ವಾಕ್ಯವನ್ನು ಬರೆಯಿರಿ, ಒಂದರಲ್ಲೊಂದು ಸೇರಿದ ಈ ಎರಡು ಪಂಚಕೋನಗಳನ್ನು ನೋಡಿ ಹಾಗೆಯೇ ಬಿಡಿಸಿ ಎಂಬ ಬಗೆಯ ಪ್ರಶ್ನೆಗಳು ಅದರಲ್ಲಿವೆ. 24ಕ್ಕಿಂತ ಕಡಿಮೆ ಬಂದರೆ ಸಂದೇಹಪಡುವುದು ವಾಡಿಕೆ. 1993ರಲ್ಲಿ ಅಮೆರಿಕೆಯವರೇ ತಮ್ಮ ದೇಶದ 18,000ಕ್ಕೂ ಹೆಚ್ಚು ಜನರ ಅಂಕಗಳನ್ನು ಓದಿನ ಪ್ರಕಾರ ವಿಂಗಡಿಸಿ ನೋಡಿದರು. ಒಂಬತ್ತು ವರ್ಷವೋ ಅದಕ್ಕೂ ಮೇಲೋ ಓದಿದವರ ನಟ್ಟನಡುವಣ ಅಂಕವು 29. ಐದರಿಂದ ಎಂಟು ವರ್ಷ ಓದಿದವರದು 26. ನಾಲ್ಕು ವರ್ಷಕ್ಕಿಂತ ಹೆಚ್ಚು ಓದದವರದು 22. ಎಂದರೆ ಶಾಲೆಯನ್ನು ಕಾಣದ ಆರೋಗ್ಯವಂತರಲ್ಲಿಯೂ ಅರ್ಧಕ್ಕರ್ಧ ಜನರು ಆ ಗೆರೆಯ ಕೆಳಗೇ ಬೀಳುವರು. ಪರೀಕ್ಷೆಯು ಅಳೆದುದು ಅವರ ಬುದ್ಧಿಯನ್ನಲ್ಲ. ಬಾಲ್ಯದಲ್ಲಿ ಅವರಿಗೆ ದೊರೆಯದೆ ಹೋದ ಶಾಲೆಯನ್ನು.

ಸಿ.ಎಸ್. ಪುರದ ಆ ವೃದ್ಧೆಯನ್ನು ಈ ಪ್ರಶ್ನೆಗಳ ಮುಂದೆ ಕೂರಿಸಿ ನೋಡೋಣ. ತಾರೀಖು ಆಕೆಗೆ ಎಂದೂ ಬೇಕಾಗಿದ್ದಿಲ್ಲ. ಈಗ ಯಾವ ಮಳೆ ನಡೆಯುತ್ತಿದೆ, ಆರಿದ್ರೆಯೋ ಪುನರ್ವಸುವೋ ಎಂದು ಕೇಳಿದರೆ ತಟ್ಟನೆ ಹೇಳಿಯಾರು, ಮತ್ತು ಒಂದೊಂದು ಮಳೆಯೂ ಹದಿಮೂರು ಹದಿನಾಲ್ಕು ದಿನದ್ದಾದುದರಿಂದ ಆ ಉತ್ತರವು ಸಾಮಾನ್ಯವಾದುದೇನೂ ಅಲ್ಲ. ಎಡೆಯೂರು ಸಿದ್ಧಲಿಂಗೇಶ್ವರನ ತೇರು ಕಳೆದು ಎಷ್ಟು ದಿನವಾಯಿತೆಂಬುದು ಆಕೆಗೆ ಗೊತ್ತು. ಹಳ್ಳಿಯ ಮಣ್ಣಿನ ಮನೆಗೆ ಮಹಡಿಯೇ ಇಲ್ಲ. ಪೆನ್ಸಿಲನ್ನು ಹಿಡಿಯದ ಕೈ ಪಂಚಕೋನವನ್ನು ಬಿಡಿಸಲಾರದು. ಅದೇ ಕೈ ಐವತ್ತು ವರ್ಷ ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ತಪ್ಪದೆ ರಂಗೋಲಿಯನ್ನು ಬಿಟ್ಟಿದೆ. ನೂರರಲ್ಲಿ ಏಳನ್ನು ಕಳೆಯಲಾರದವರು ತೆಂಗಿನಕಾಯಿಯನ್ನು ಜೋಡಿ ಜೋಡಿಯಾಗಿ ಎಣಿಸಿ ವ್ಯಾಪಾರಿಯ ಮೋಸವನ್ನು ಹಿಡಿದಿರುವುದುಂಟು. ಇಷ್ಟಾದರೂ ಹಾಳೆಯ ಮೇಲೆ ಆಕೆಗೆ ಹದಿನೈದೋ ಹದಿನಾರೋ ಅಂಕ ಬಂದು, ಆಶ್ರಮದ ಪುಸ್ತಕದಲ್ಲಿ ಬುದ್ಧಿಭ್ರಮಣೆಯೆಂದು ಷರಾ ಬೀಳುವುದು.

ಈ ಅನ್ಯಾಯವನ್ನು ನಮ್ಮ ದೇಶದ ವೈದ್ಯರು ಕಾಣದೆ ಹೋದರೆಂದು ಹೇಳುವುದು ಸಲ್ಲದು. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಅನಕ್ಷರಸ್ಥ ವೃದ್ಧರ ನಡುವೆ ಕೆಲಸಮಾಡಿದ ಭಾರತೀಯ ಮತ್ತು ಅಮೆರಿಕನ್ ಸಂಶೋಧಕರು ಆ ಪರೀಕ್ಷೆಯನ್ನು ತಿರುಗಿ ಕಟ್ಟಿ, 1995ರಲ್ಲಿ ಹಿಂದಿಯ ರೂಪವನ್ನು ಪ್ರಕಟಿಸಿದರು. ವಾಕ್ಯವನ್ನು ಓದಿ ಕಣ್ಣು ಮುಚ್ಚಿ ಎನ್ನುವುದಕ್ಕೆ ಬದಲಾಗಿ, ನನ್ನ ಮುಖವನ್ನು ನೋಡಿ ನಾನು ಮಾಡಿದಂತೆಯೇ ಮಾಡಿ ಎಂದರು; ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ಸಿದ್ಧವಾಗಿ 2020ರಲ್ಲಿ ಪ್ರಕಟವಾದ ಪರೀಕ್ಷಾ ಸಂಪುಟವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಇರುವುದೆಂಬುದು ಸಂತೋಷದ ಸಂಗತಿ. ನಮ್ಮ ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದವರು 2018ರಿಂದ 45 ದಾಟಿದ ಹಳ್ಳಿಗರನ್ನು ಮತ್ತೆ ಮತ್ತೆ ಪರೀಕ್ಷಿಸುವ ದೀರ್ಘಕಾಲದ ಶೋಧವನ್ನು ಕೈಕೊಂಡಿರುವರು. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅವರ ಗುರಿ. ರೈತರ ನೆನಪು ವಯಸ್ಸಿನೊಡನೆ ಹೇಗೆ ನಡೆಯುತ್ತದೆಂಬುದನ್ನು ರೈತರನ್ನೇ ನೋಡಿ ತಿಳಿಯುವ ಇಂಥ ಪ್ರಯತ್ನವು ಪ್ರಪಂಚದಲ್ಲಿಯೇ ವಿರಳವಾದುದು. ಕೋಲಾರದಲ್ಲಿ ಸಾಧ್ಯವಾದುದು ತುಮಕೂರಿನಲ್ಲಿ ಅಸಾಧ್ಯವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮಳೆಯ ಹೆಸರು, ರಂಗೋಲಿ ಎಂದು ನಾವು ಬರೆದುದನ್ನು ಓದಿ ಒಂದೊಂದು ಆಶ್ರಮದವರೂ ತಮಗೆ ತೋಚಿದ ಪ್ರಶ್ನೆಗಳನ್ನು ಕಟ್ಟಿಕೊಳ್ಳಬಾರದು. ಬಹುಕಾಲದ ಅಭ್ಯಾಸದಿಂದ ಕೈಗೂ ನಾಲಿಗೆಗೂ ಅಂಟಿಹೋದ ವಿದ್ಯೆಯು ರೋಗವು ಒಳಗೇ ಬಲಿಯುತ್ತಿರುವಾಗಲೂ ಕೆಡದೆ ಉಳಿಯುವುದುಂಟು. ಭಜನೆಯ ಪದಗಳನ್ನೆಲ್ಲ ತಪ್ಪಿಲ್ಲದೆ ಹಾಡುವವರು ಬೆಳಗಿನ ಊಟವನ್ನು ಮರೆತಿರಬಹುದು. ಪ್ರಶ್ನೆಗಳು ನಮ್ಮ ಜನರ ಬಾಳಿನಿಂದ ಹುಟ್ಟಬೇಕು, ಜೊತೆಗೆ ನೂರಾರು ಆರೋಗ್ಯವಂತರ ಮೇಲೂ ರೋಗಿಗಳ ಮೇಲೂ ಪ್ರಯೋಗವಾಗಿ ಒರೆಗೆ ಹತ್ತಿರಬೇಕು. ಅದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಕೆಲಸ. ಒರೆಗೆ ಹಚ್ಚಿದ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳುವುದು ಆಶ್ರಮದವರ ಕೆಲಸ.

ಕೇಳುವ ರೀತಿಯಲ್ಲಿಯೂ ಬಹಳವಿದೆ. ಮೊದಲು ಕಿವಿ ಕಣ್ಣುಗಳನ್ನು ನೋಡದೆ ಬುದ್ಧಿಯನ್ನು ನೋಡುವುದು ಬುಡವನ್ನು ಬಿಟ್ಟು ಕೊಂಬೆಗೆ ನೀರೆರೆದಂತೆ. ಕಿವಿಯಲ್ಲಿ ಗುಗ್ಗೆ ಗಟ್ಟಿಕಟ್ಟಿದ್ದರೆ ಪ್ರಶ್ನೆಯೇ ಒಳಗೆ ಹೋಗದು. ಕಣ್ಣಿಗೆ ಪೊರೆ ಬಂದವರಿಗೆ ಚಿತ್ರವನ್ನು ತೋರಿಸಿ ಇದೇನೆಂದರೆ ಉತ್ತರ ಬಾರದು. ವಿಶ್ವ ಆರೋಗ್ಯ ಸಂಸ್ಥೆಯವರು ನೆನಪು, ನಡಿಗೆ, ಪೋಷಣೆ, ದೃಷ್ಟಿ, ಶ್ರವಣ, ಮನಸ್ಸಿನ ಉಲ್ಲಾಸ ಈ ಆರನ್ನೂ ಒಟ್ಟಿಗೆ ನೋಡಬೇಕೆಂದುದು ಈ ಕಾರಣದಿಂದಲೇ. ಭಾಷೆಯ ಮಾತೂ ಇದೆ. ಗ್ರಂಥಸ್ಥ ಕನ್ನಡದಲ್ಲಿ ಅಚ್ಚಾದ ಪ್ರಶ್ನೆಯನ್ನು ಗಿಳಿಪಾಠದಂತೆ ಒಪ್ಪಿಸಿದರೆ ಗುಬ್ಬಿಯ ಸೀಮೆಯ ಅಜ್ಜಿಗೆ ಅರ್ಥವಾಗದು. ನಾವು ಪತ್ರಿಕೆಯವರು ಬರೆಯುವ ಕನ್ನಡವೂ ಆ ಕೆಲಸಕ್ಕೆ ಬಾರದೆಂದು ಒಪ್ಪಬೇಕು. ಪಾವಗಡದಿಂದ ಬಂದವರಿಗೆ ತೆಲುಗಿನಲ್ಲಿ, ಮನೆಯಲ್ಲಿ ಉರ್ದು ಆಡುವವರಿಗೆ ಉರ್ದುವಿನಲ್ಲಿ ಕೇಳತಕ್ಕದ್ದು. ಏನಜ್ಜಿ, ಇಷ್ಟೂ ಗೊತ್ತಿಲ್ಲವೆ ಎನ್ನುವ ಬಾಯಿಂದ ಪರೀಕ್ಷೆ ನಡೆಯಕೂಡದು. ಸೇರಿದ ದಿನವೇ, ಮಗನು ಕಾರು ಹತ್ತಿ ಹೋದುದನ್ನು ನೋಡುತ್ತ ನಿಂತಿರುವ ಘಳಿಗೆಯಲ್ಲಿಯೇ ಹಾಳೆಯನ್ನು ಹಿಡಿದು ಎದುರಿಗೆ ಕೂರುವುದು ಕ್ರೌರ್ಯ. ಅಂದಿನ ಉತ್ತರಗಳಲ್ಲಿ ದುಃಖದ ಹೊರತು ಬೇರೇನೂ ಇರಲಾರದು.

ಹಿರಿಯರನ್ನು ಪರೀಕ್ಷಿಸುವುದೇ ಅವಮಾನವಲ್ಲವೆ ಎಂದು ಕೆಲವರು ಕೇಳಬಹುದು. ಆ ಮಾತಿನ ಹಿಂದಿರುವ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಪರೀಕ್ಷೆಯಾದ ಮೇಲೆ ಆ ಹಾಳೆಯು ಯಾರ ಕೈಗೆ ಹೋಗುತ್ತದೆ, ಯಾವ ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿಯೇ ಮರ್ಯಾದೆಯೂ ಅವಮಾನವೂ ನಿಂತಿವೆ. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಇಟ್ಟುಕೊಂಡಿರುವ ಆಶ್ರಮಗಳುಂಟು. ಅಂಥ ಕಡೆ ಅಂಕವು ಕಡಿಮೆಯಾದೊಡನೆ, ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ದೂರವಾಣಿ ಮಾಡುವುದಾದರೆ ಪರೀಕ್ಷೆಯು ಹೊರದೂಡುವ ಉಪಕರಣವಾಗುವುದು; ಹಾಗಾಗುವುದಾದರೆ ಅದು ಇಲ್ಲದಿರುವುದೇ ಲೇಸು. ನಡಿಗೆಯು ನಿಧಾನವಾಯಿತೆಂದು ತಿಳಿದಾಗ ಬಚ್ಚಲಿನ ಗೋಡೆಗೆ ಹಿಡಿಕೆಯನ್ನು ಹಾಕಿಸುವುದಕ್ಕೂ, ಹಾಸಿಗೆಯನ್ನು ದೀಪದ ಹತ್ತಿರಕ್ಕೆ ಸರಿಸುವುದಕ್ಕೂ, ಕಾಲಿನ ವ್ಯಾಯಾಮವನ್ನು ಕಲಿಸುವುದಕ್ಕೂ ಆ ಹಾಳೆಯು ಬರಬೇಕು.

ಇನ್ನೊಂದು ಭಯವು ಆಸ್ತಿಯ ವಿಷಯದ್ದು. ತಾಯಿಗೆ ಬುದ್ಧಿ ಸ್ವಾಧೀನದಲ್ಲಿಲ್ಲವೆಂಬ ಒಂದು ಕಾಗದ ದೊರೆತರೆ ತೋಟದ ಪಹಣಿಯ ಮೇಲೆ ಕಣ್ಣಿಟ್ಟವರಿಗೆ ಅದೆಷ್ಟು ಉಪಯೋಗವೆಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೆಲಸಮಾಡುವ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಬುದ್ಧಿಯು ನಿಜವಾಗಿ ಮಂಕಾದವರಿಂದ ಹೆಬ್ಬೆಟ್ಟನ್ನು ಒತ್ತಿಸಿಕೊಂಡವರೂ ಉಂಟು. ಎರಡೂ ಕಡೆಯಿಂದ ಕಾಯತಕ್ಕದ್ದು ಸರಿಯಾದ ಪರೀಕ್ಷೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ನಾಲ್ಕನೆಯ ಪ್ರಕರಣವು ಚಿಕಿತ್ಸೆಯ ವಿಷಯದಲ್ಲಿ ಇಟ್ಟಿರುವ ತತ್ತ್ವವು ಎಲ್ಲ ಕಡೆಯೂ ಗಮನಾರ್ಹವಾದುದು. ವಿಷಯವನ್ನು ತಿಳಿದುಕೊಳ್ಳುವ, ಫಲಾಫಲಗಳನ್ನು ಗ್ರಹಿಸುವ ಅಥವಾ ತನ್ನ ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವ ಶಕ್ತಿಯನ್ನು ಆ ಕಾಯಿದೆಯು ನೋಡುತ್ತದೆ. ನಿರ್ಧಾರವು ಇತರರಿಗೆ ತಪ್ಪಾಗಿ ತೋರಿತೆಂಬ ಮಾತ್ರಕ್ಕೆ ಶಕ್ತಿಯಿಲ್ಲವೆಂದು ಭಾವಿಸತಕ್ಕದ್ದಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಲೆಕ್ಕವನ್ನು ಮರೆತವರು ತಾನು ಎಲ್ಲಿ ಇರಬೇಕೆಂಬುದನ್ನು ಚೆನ್ನಾಗಿ ಬಲ್ಲವರಾಗಿರಬಹುದು. ಮೂವತ್ತರಲ್ಲಿ ಇಷ್ಟು ಎಂಬ ಒಂದೇ ಅಂಕವು ಮನುಷ್ಯನ ಸಮಸ್ತ ಹಕ್ಕುಗಳನ್ನೂ ತೀರ್ಮಾನಿಸಲಾರದು.

ಸರ್ಕಾರವು ಈ ವಿಷಯದಲ್ಲಿ ಎಲ್ಲಿ ನಿಂತಿದೆ? 2007ರ ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯಿದೆಯ 19ನೆಯ ಪ್ರಕರಣದಲ್ಲಿ, ಜಿಲ್ಲೆಗೆ ಒಂದಾದರೂ ಇರುವಂತೆ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯಾಗುವಂತೆ ರಾಜ್ಯಗಳು ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದೆಂದು ಹೇಳಿದೆ. ಅವುಗಳ ನಿರ್ವಹಣೆಗೂ ವೈದ್ಯಕೀಯ ಸೌಕರ್ಯಕ್ಕೂ ಮಟ್ಟಗಳನ್ನು ಗೊತ್ತುಮಾಡಬಹುದೆಂದೂ ಹೇಳಿದೆ. ಈ ಎರಡು ‘ಬಹುದು’ಗಳ ನೆರಳಿನಲ್ಲಿ ಎಷ್ಟು ಕರ್ತವ್ಯಗಳು ನಿದ್ರಿಸುತ್ತಿವೆಯೋ ದೇವರೇ ಬಲ್ಲ. ಸೇರಿದವರ ಶಕ್ತಿಸಾಮರ್ಥ್ಯಗಳನ್ನು ಇಂತಿಷ್ಟು ದಿನದೊಳಗೆ ಪರೀಕ್ಷಿಸತಕ್ಕದ್ದೆಂಬ ಮಾತು ಆ ಕಾಯಿದೆಯಲ್ಲಿ ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲೆಲ್ಲ ವೃದ್ಧರ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯಾಧಿಕಾರಿಯ ಕೆಳಗೆ ಪ್ರತ್ಯೇಕ ವ್ಯವಸ್ಥೆಯಿರಬೇಕೆಂದು 20ನೆಯ ಪ್ರಕರಣವು ವಿಧಿಸಿರುವುದರಿಂದ, ಪರೀಕ್ಷೆಗೆ ಬೇಕಾದ ತಿಳಿವಳಿಕೆಯು ಜಿಲ್ಲೆಯಲ್ಲಿ ದೊರೆಯಲಾರದೆಂದು ಅಧಿಕಾರಿಗಳು ಹೇಳುವಂತಿಲ್ಲ. 2019ರಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿಯ ಮಸೂದೆಯು ಸಭೆಯ ಅವಧಿ ಮುಗಿದುದರಿಂದ 2024ರಲ್ಲಿ ಬಿದ್ದುಹೋಯಿತು. ಹೊಸ ಮಸೂದೆಗಾಗಿ ದೆಹಲಿಯ ಕಡೆ ಮುಖಮಾಡಿ ಕಾಯುವುದಕ್ಕಿಂತ, ನಿಯಮಗಳನ್ನು ಮಾಡುವ ಅಧಿಕಾರವುಳ್ಳ ಕರ್ನಾಟಕ ಸರ್ಕಾರವೇ ತನ್ನ ನಿಯಮಗಳಲ್ಲಿ ಇದನ್ನು ಸೇರಿಸಬಾರದೇಕೆ? ನಿಮ್ಹಾನ್ಸ್‌ನ ಸಹಯೋಗದಲ್ಲಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದ ಸರ್ಕಾರಕ್ಕೆ ಈ ಕೆಲಸದ ಅರ್ಥವನ್ನು ಮೊದಲಿನಿಂದ ಹೇಳಬೇಕಾದುದಿಲ್ಲ.

ಆಶಾ ಕಾರ್ಯಕರ್ತೆಯರು ಮನೆಗಳಿಗೆ ಕೊಂಡೊಯ್ಯುವ ಪಟ್ಟಿಯಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡುವಂತಾಗುವುದೆ, ಉಣ್ಣುವುದು ಉಡುವುದು ಮುಂತಾದ ನಿತ್ಯದ ಕೆಲಸಗಳಿಗೆ ಮತ್ತೊಬ್ಬರ ಸಹಾಯ ಬೇಕಾಗುವುದೆ, ಹತ್ತಿರದವರ ಹೆಸರನ್ನೋ ಮನೆಯ ವಿಳಾಸವನ್ನೋ ಮರೆಯುವುದುಂಟೆ ಎಂಬ ಬಗೆಯವು. ಸಿ.ಎಸ್. ಪುರದ ಹಳ್ಳಿಯ ಹಟ್ಟಿಯಲ್ಲಿ ಕುಳಿತ ಅಜ್ಜಿಗೆ ಸಲ್ಲುವ ಈ ಪ್ರಶ್ನೆಗಳು ಆಕೆಯು ಆಶ್ರಮಕ್ಕೆ ಸೇರಿದೊಡನೆ ನಿಂತುಹೋಗಬಾರದು. ಆ ಪಟ್ಟಿಯನ್ನು ಹಿಡಿದು ಆಶ್ರಮದ ಬಾಗಿಲನ್ನೂ ತಟ್ಟುವಂತೆ ಆಜ್ಞೆಮಾಡಲು ಜಿಲ್ಲಾಧಿಕಾರಿಗಳಿಗೆ ಹೊಸ ಹಣವೂ ಬೇಡ, ಹೊಸ ಹುದ್ದೆಯೂ ಬೇಡ. ಸಂದೇಹ ತೋರಿದವರನ್ನು ಜಿಲ್ಲಾ ಆಸ್ಪತ್ರೆಯವರು ವಿವರವಾಗಿ ಪರೀಕ್ಷಿಸಲಿ. ತುಮಕೂರಿನ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಇದಕ್ಕಾಗಿ ಆಶ್ರಮಗಳಿಗೆ ಹೋಗಲಿ. ಅವರಿಗೂ ಅದರಿಂದ ಕಲಿಯತಕ್ಕದ್ದು ಬಹಳವಿದೆ.

ಹಿರಿಯ ನಾಗರಿಕರ ಸಬಲೀಕರಣದ ಇಲಾಖೆಯವರು ಸಹಾಯಧನವನ್ನು ಕೊಡುವ ಮೊದಲು ಹಾಸಿಗೆಗಳನ್ನು ಎಣಿಸುವಂತೆಯೇ ಈ ಬರೆಹಗಳನ್ನೂ ನೋಡುವ ನಿಬಂಧನೆಯನ್ನು ಹಾಕಬೇಕು. ಸೇರಿದ ಎರಡು ವಾರ ಕಳೆದು, ಹೊಸ ಜಾಗಕ್ಕೆ ಕೊಂಚ ಹೊಂದಿಕೊಂಡ ಮೇಲೆ ಒಂದು ಸಲ. ಆಮೇಲೆ ಮೂರು ತಿಂಗಳಿಗೊಮ್ಮೆ. ಬಿದ್ದಾಗ, ಜ್ವರ ಬಂದಾಗ, ಮಾತು ಇದ್ದಕ್ಕಿದ್ದಂತೆ ಬದಲಾದಾಗ ತಡಮಾಡದೆ ಮತ್ತೊಮ್ಮೆ. ಬರೆದ ಪುಸ್ತಕವು ವ್ಯವಸ್ಥಾಪಕರ ಬೀರುವಿನಲ್ಲಿ ಬೀಗದೊಳಗಿರದೆ ಆ ವೃದ್ಧರದೇ ಸ್ವತ್ತಾಗಿರಬೇಕು. ಅದರಲ್ಲಿ ಏನಿದೆಯೆಂದು ಅವರಿಗೆ ಓದಿ ಹೇಳಬೇಕು, ಅವರು ಒಪ್ಪಿದವರಿಗೆ ಮಾತ್ರ ತೋರಿಸಬೇಕು. ನಾಳೆ ಆಕೆಯು ಶಕ್ತಿ ತಿಳಿದು, ಕಾಲು ಬಲಿತು, ಊರಿಗೆ ಹೋಗುವೆನೆಂದು ಹಟ ಹಿಡಿದರೆ ಅದರ ಒಂದು ಪ್ರತಿಯು ಆಕೆಗಿಂತ ಮೊದಲೇ ಹೋಬಳಿಯ ಸರ್ಕಾರಿ ಆಸ್ಪತ್ರೆಯನ್ನು ಮುಟ್ಟುವಂತೆ ಏರ್ಪಾಡಿರಬೇಕು.